ಗಂಟಿಲ್ಲದ ಕಿತ್ತಳೆ ಪಟ್ಟಿ

ಬಲೆಯ ತುಂಡು ನೂಲು ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುವುದು ನಮ್ಮ ದಡದ ಹಳೆಯ ತಾಪತ್ರಯ. ಬಲೆ ದುರಸ್ತಿ ಮಾಡುವ ದೊಡ್ಡಮ್ಮ ಅಂಥ ಎಷ್ಟೋ ಹಕ್ಕಿಗಳನ್ನು ಹಿಡಿದು, ನೂಲು ಕತ್ತರಿಸಿ ಬಿಟ್ಟವಳು. ಸೊಂಟದಲ್ಲಿ ಸದಾ ಒಂದು ಸಣ್ಣ ಕತ್ತರಿ. ಹಾಗಾಗಿ ಕೆಸರಿನಲ್ಲಿ ಮೇಯುತ್ತಿದ್ದ ಉದ್ದ ಕೊಕ್ಕಿನ ಹಕ್ಕಿಯ ಕಾಲಲ್ಲಿ ಕಿತ್ತಳೆ ಬಣ್ಣದ್ದೇನೋ ಕಂಡಾಗ ಅದೂ ಬಲೆಯ ನೂಲೇ ಎಂದುಕೊಂಡಳು. ನಾಲ್ಕು ದಿನ ಅದರ ಬೆನ್ನು ಬಿದ್ದಳು. ಅವಳು ಹಿಂದೆ ಹೋದಾಗಲೆಲ್ಲ ಇಡೀ ಗುಂಪು ಎದ್ದು ಹಾರುತ್ತಿತ್ತು.

ಐದನೆಯ ದಿನ ಅವಳ ತಂಗಿಯ ಮಗಳು ಬಂದಳು. ಆಸ್ಪತ್ರೆಯಲ್ಲಿ ಕೂಸುಗಳ ತೂಕ ನೋಡುವ ನರ್ಸ್ ಅವಳು. ರಜೆ ಸಿಕ್ಕರೆ ದುರ್ಬೀನು ಹಿಡಿದು ಹಕ್ಕಿ ನೋಡುವ ಹುಚ್ಚು. ಬಲೆ ಹಿಡಿದು ಹೊರಟಿದ್ದ ದೊಡ್ಡಮ್ಮನನ್ನು ತಡೆದು ಕೂರಿಸಿದಳು.

"ಅದು ನೂಲಲ್ಲ ದೊಡ್ಡಮ್ಮ. ಗುರುತಿಗೆ ಅಂತ ಹಕ್ಕಿ ಬಲ್ಲೋರು ಹಾಕಿರೋ ಪಟ್ಟಿ."

ನಲವತ್ತು ವರ್ಷ ನೂಲು ನೋಡಿದ ಕಣ್ಣು ತನ್ನದು, ಇದೊಳ್ಳೆ ಅಜ್ಜಿಗೆ ಮೊಮ್ಮಗಳು ಕೆಮ್ಮು ಕಲಿಸಿದ ಹಾಗಾಯಿತು ಎಂದಳು ದೊಡ್ಡಮ್ಮ. ನರ್ಸ್ ವಾದಕ್ಕಿಳಿಯದೆ ದುರ್ಬೀನು ಕೊಟ್ಟಳು. ಮೊದಲು ಕೊಕ್ಕು ನೋಡು ಎಂದಳು. ತುಸು ಮೇಲಕ್ಕೆ ಬಾಗಿದೆ, ಬುಡ ಗುಲಾಬಿ, ತುದಿ ಕಪ್ಪು. ಹಾರಿದಾಗ ಬಾಲದಲ್ಲಿ ಅಡ್ಡಪಟ್ಟೆ ಕಾಣುತ್ತದೆ. ಅದಕ್ಕೇ ಪಟ್ಟೆಬಾಲದ ಗೊರವ ಎಂದು ಹೆಸರು. ದೊಡ್ಡಮ್ಮ ದುರ್ಬೀನನ್ನು ಸೀದಾ ಹಕ್ಕಿಯ ಕಾಲಿಗೆ ಇಳಿಸಿದಳು. ಪಟ್ಟಿಯ ಮೇಲೆ ಮೂರು ಅಕ್ಷರಗಳಿದ್ದವು. ಗಂಟು ಎಲ್ಲೂ ಇರಲಿಲ್ಲ. ಗಂಟಿಲ್ಲದೆ ಕಾಲಿಗೆ ನಿಂತ ನೂಲನ್ನು ಅವಳು ಈವರೆಗೆ ಕಂಡಿರಲಿಲ್ಲ.

"ಆಯ್ತು, ನೂಲಲ್ಲ. ಓಡಿಸಿದ್ರೆ ಏನು ನಷ್ಟ? ರೆಕ್ಕೆ ಇದೆ, ಹಾರ್ತು."

"ಇನ್ನೆರಡು ವಾರಕ್ಕೆ ಇದು ಸಮುದ್ರ ದಾಟುತ್ತೆ. ಹಗಲೂ ರಾತ್ರಿ, ದಿನಗಟ್ಟಲೆ. ನೀರ ಮೇಲೆ ಕೂತು ಸುಧಾರಿಸ್ಕೊಳ್ಳೋಕೆ ಇದಕ್ಕೆ ಬರಲ್ಲ. ಇಲ್ಲಿ ತಿಂದು ಬೆಳೆಸಿದ ಕೊಬ್ಬೇ ದಾರಿಬುತ್ತಿ. ಪ್ರತಿಸಲ ಎಬ್ಬಿಸಿದಾಗಲೂ ಅದರಲ್ಲಿ ಒಂದು ತುತ್ತು ಹೋಯ್ತು."

ದೊಡ್ಡಮ್ಮ ಮತ್ತೆ ನೋಡಿದಳು. ಗುಂಪಿನ ಉಳಿದವುಗಳ ಹೊಟ್ಟೆ ದುಂಡಗಿತ್ತು. ಎಲ್ಲಕ್ಕಿಂತ ಹೆಚ್ಚು ಅಟ್ಟಿಸಿಕೊಂಡ ಪಟ್ಟಿಯ ಹಕ್ಕಿಯದು ಚಪ್ಪಟೆ. ದುರ್ಬೀನು ಕೆಳಗಿಟ್ಟಳು.

"ಉಪಕಾರ ಮಾಡ್ತೀನಿ ಅಂತ ಅದರ ಬುತ್ತಿ ಕಸ್ಕೊಂಡ್ನಲ್ಲೇ."

ಅಂದೇ ಅವಳು ಬಲೆ ಕೆಲಸವನ್ನು ದೋಣಿಗಳ ಹಿಂದಕ್ಕೆ ಸಾಗಿಸಿದಳು. ಹಕ್ಕಿಗೋಸ್ಕರ ಇಷ್ಟೆಲ್ಲ ಯಾಕೆಂದು ಗೊಣಗಿದ ದೊಡ್ಡಪ್ಪನೂ ದಡದಲ್ಲಿ ಅಡ್ಡಾಡುತ್ತಿದ್ದ ಮನೆಯ ನಾಯಿಯನ್ನು ಕಟ್ಟಿಹಾಕಿದ. ನರ್ಸ್ ಪಟ್ಟಿಯ ಅಕ್ಷರಗಳನ್ನು ಹಕ್ಕಿ ಬಲ್ಲವರಿಗೆ ಬರೆದು ಕಳಿಸಿದಳು. ಪಟ್ಟಿ ಹಾಕಿ ಹನ್ನೊಂದು ವರ್ಷವಾಯಿತು ಎಂದು ಉತ್ತರ ಬಂತು.

ಎರಡು ವಾರಕ್ಕೆ ಗುಂಪು ಹೊರಟಿತು. ಪಟ್ಟಿಯ ಹಕ್ಕಿ ಹೋಗಲಿಲ್ಲ. ಒಂಟಿಯಾಗಿ ಕೆಸರು ಕೆದಕುತ್ತಾ ಉಳಿಯಿತು. ದೊಡ್ಡಮ್ಮನಿಗೆ ಅನ್ನ ಸೇರಲಿಲ್ಲ. ಆರನೆಯ ದಿನದ ಸಂಜೆ, ತಡವಾಗಿ ಬಂದಿದ್ದ ಸಣ್ಣ ಗುಂಪೊಂದು ಎದ್ದಾಗ ಅದೂ ಎದ್ದಿತು. ಈ ಸಲ ಎಬ್ಬಿಸಿದವರು ಯಾರೂ ಇರಲಿಲ್ಲ. ಜೋಮು ಹಿಡಿದ ಕಾಲನ್ನು ಅಲುಗಿಸದೆ ದೊಡ್ಡಮ್ಮ ಅದು ಚುಕ್ಕೆಯಾಗುವವರೆಗೂ ನೋಡಿದಳು.

ನಿಮ್ಮ ದಡಕ್ಕೂ ಇಂಥ ನೆಂಟರು ಬರುತ್ತಾರೆ. ದೂರ ಕೂತು ನೋಡಿ, ನಾಯಿಯನ್ನು ಕಟ್ಟಿ. ಕಾಲಲ್ಲಿ ಪಟ್ಟಿ ಕಂಡರೆ ಹಿಡಿಯಬೇಡಿ. ಬಣ್ಣ, ಅಕ್ಷರ, ದಿನ ಬರೆದು ಹಕ್ಕಿ ಬಲ್ಲವರಿಗೆ ತಿಳಿಸಿ. ದೊಡ್ಡಮ್ಮನ ಕತ್ತರಿ ಈಗಲೂ ಸೊಂಟದಲ್ಲಿದೆ. ಆದರೆ ಒಂದು ತುಂಡು ನೂಲನ್ನೂ ಅವಳು ದಡದಲ್ಲಿ ಬಿಡುವುದಿಲ್ಲ. ನೀವೂ ಬಿಡಬೇಡಿ.