ಬೇಡ ಅನ್ನಲಿಲ್ಲ

ಈ ಫ್ಯಾನಿನ ಗಾಳಿಯೆಲ್ಲ ಮುಂದಿನ ಸಾಲಿನವರಿಗೇ, ಪ್ರಾರ್ಥನಾ ಮಂದಿರಕ್ಕೆ ಬಂದೂ ನನಗೆ ಗಾಳಿಯದೇ ಚಿಂತೆ, ಮಂಡಿ ಬೇರೆ ಹಿಡಿದುಕೊಂಡಿದೆ, ಕಣ್ಣು ಮುಚ್ಚಬೇಕು, ಮುಚ್ಚಿದರೆ ಊಟದ ಮೇಜು, ಮಗ ತಟ್ಟೆಯಲ್ಲಿ ಕೈಯಿಟ್ಟು ಕೂತಿದ್ದಾನೆ, ಪೊಲೀಸ್ ಸಮವಸ್ತ್ರ ಕೂಡ ಬಿಚ್ಚಿಲ್ಲ — ಅಮ್ಮ, ಆ ಹತ್ತು ವರ್ಷದ ಮಗು ಕಾಣೆಯಾಗಿ ಎರಡು ದಿನ ಆಯ್ತು, ದರ್ಜಿ ಮೇಲೆ ಅನುಮಾನ, ಬಾಯಿ ಬಿಡ್ತಿಲ್ಲ, ಸಾಹೇಬ್ರು ನಂಗೇ ಒಪ್ಪಿಸಿದಾರೆ, ಹಿಂಸೆ ಕೊಟ್ಟು ಕೇಳಿದ್ರೆ ಪಾಪ ಬರುತ್ತಾ. ನನ್ನನ್ನು ಕೇಳದೆ ಇನ್ನಾರನ್ನು ಕೇಳಬೇಕು, ಬೀದಿಯ ಮಕ್ಕಳಿಗೆಲ್ಲ ಧರ್ಮಗ್ರಂಥ ಹೇಳಿಕೊಡುವವಳು ನಾನು, ಯಾವ ಪ್ರಶ್ನೆಗೂ ತಡವರಿಸಿದವಳಲ್ಲ, ಅವತ್ತೂ ತಡವರಿಸಲಿಲ್ಲ, ಲೋಟಕ್ಕೆ ನೀರು ಬಗ್ಗಿಸುತ್ತಲೇ ಹೇಳಿದೆ, ನಿರಪರಾಧಿ ಆಗಿದ್ರೆ ದೇವರೇ ಕಾಯ್ತಾನೆ ಕಣೋ, ನೀನು ನಿನ್ನ ಕೆಲಸ ಮಾಡು. ಎಷ್ಟು ಸಲೀಸಾಗಿ ಬಂತು, ಬಾಯಿಪಾಠದ ಹಾಗೆ. ಇರುವೆ ತುಳಿದರೆ ಅಳುತ್ತಿದ್ದ ಕೂಸು ನನ್ನ ಮಗ, ಬೇಡ ಅನ್ನಲಿ ಅಂತಲೇ ಕೇಳಿದ್ದ, ಈಗ ತಿಳಿಯುತ್ತದೆ, ಬೇಡ ಎಂಬ ಎರಡಕ್ಷರ, ಅಷ್ಟಕ್ಕೂ ನನ್ನ ನಾಲಿಗೆಗೆ ಬರ ಬಂದಿತ್ತೇ. ಮೂರನೆಯ ದಿನ ಮಗು ಸಿಕ್ಕಿತು, ಅಪ್ಪ ಅಮ್ಮನ ಜಗಳ ತಾಳಲಾರದೆ ತಾನೇ ಬಸ್ಸು ಹತ್ತಿ ಚಿಕ್ಕಮ್ಮನ ಮನೆಗೆ ಹೋಗಿತ್ತಂತೆ, ಮಗ ಬಂದು ಬಾಗಿಲಲ್ಲೇ ನಿಂತು ಒಂದೇ ಮಾತು ಹೇಳಿದ, ದೇವರು ಬರಲಿಲ್ಲಮ್ಮ. ಅಂದಿನಿಂದ ನನ್ನೆದುರು ಊಟಕ್ಕೆ ಕೂರುವುದಿಲ್ಲ, ತಟ್ಟೆ ಹಿಡಿದು ಕೋಣೆ ಸೇರುತ್ತಾನೆ.

ಎಲ್ಲರೂ ಎದ್ದರು, ನಾನೂ ಏಳಬೇಕು, ತಡವಾಗಿ ಬಂದವರು ಯಾರೋ ಪಕ್ಕದಲ್ಲಿ ನಿಂತರು, ತಿರುಗಿ ನೋಡಬಾರದಿತ್ತು — ಅವನೇ, ದರ್ಜಿ, ಮಗ ಕೆಲಸಕ್ಕೆ ಸೇರಿದಾಗ ಮೊದಲ ಸಮವಸ್ತ್ರ ಹೊಲಿದುಕೊಟ್ಟವನು. ಅಮ್ಮಾ ಚೆನ್ನಾಗಿದೀರಾ, ಎನ್ನುತ್ತಾನೆ ಮೆಲ್ಲಗೆ, ಮುಖದಲ್ಲಿ ಸಿಟ್ಟಿಲ್ಲ, ಸಿಟ್ಟಿರಬಾರದೇ, ಬೈಯಬಾರದೇ. ಇಷ್ಟಾದ ಮೇಲೂ ಇಲ್ಲಿಗೇ ಬಂದಿದ್ದಾನಲ್ಲ, ಯಾರನ್ನು ಬೇಡಲು, ನಾನು ಮಗನಿಗೆ ಹೇಳಿದ ದೇವರನ್ನೋ, ನಾನು ಕಾಣದ ಇನ್ನೊಬ್ಬನಿದ್ದಾನೋ. ಪ್ರಾರ್ಥನೆಯ ಪುಸ್ತಕ ನನ್ನತ್ತ ಚಾಚುತ್ತಾನೆ, ಮುಂದಿನ ಹಾಳೆ ಸ್ವಲ್ಪ ತಿರುಗಿಸಿಕೊಡ್ತೀರಾ ಅಮ್ಮಾ, ನನ್ ಕೈಲಿ ಆಗಲ್ಲ — ತಿರುಗಿಸಿದೆ, ಸುತ್ತ ಎಲ್ಲರೂ ಓದುತ್ತಿದ್ದಾರೆ, ನಾನೂ ಓದಬೇಕು, ದಯಾಮಯನೇ ಎಂದೇನೋ ಶುರುವಾಗುತ್ತದೆ, ಅಕ್ಷರ ಕಾಣುತ್ತಿಲ್ಲ, ಪುಸ್ತಕದ ಅಂಚಿನಲ್ಲಿ ಅವನ ಹೆಬ್ಬೆರಳು, ದಯಾಮಯನೇ, ಉಗುರಿದ್ದಲ್ಲಿ ನುಣ್ಣನೆಯ ಕೆಂಪು ಚರ್ಮ, ದಯಾಮಯನೇ, ಆ ಹೆಬ್ಬೆರಳು, ಉಗುರಿಲ್ಲ, ಆ ಹೆಬ್ಬೆರಳು