ಒಂದೇ ನಂಬರಿನ ಇಬ್ಬರು

ಫ್ರಿಜ್ಜು, ವಾಷಿಂಗ್ ಮಷೀನು ಮಾರಿ ರಿಪೇರಿಯನ್ನೂ ಮಾಡಿಕೊಡುವ ಕಂಪನಿಯೊಂದಕ್ಕೆ ಗ್ರಾಹಕರ ವಿವರ ನೋಡಿಕೊಳ್ಳುವ ಸಾಫ್ಟ್‌ವೇರ್ ಬರೆಯುತ್ತಿದ್ದ ಆರು ಜನರ ತಂಡಕ್ಕೆ ಅವಳು ಮುಖ್ಯಸ್ಥೆ. ಯಾರು ಏನು ಕೊಂಡರು, ಯಾವಾಗ ಫೋನ್ ಮಾಡಿ ಏನೆಂದು ಗೊಣಗಿದರು, ಎಲ್ಲವೂ ಅದರಲ್ಲಿ ಸಿಗಬೇಕು. ಹಳೆಯ ಪಟ್ಟಿಯಲ್ಲಿ ಒಬ್ಬರೇ ಮೂರು ಮೂರು ಕಡೆ ನುಸುಳಿಕೊಂಡಿದ್ದರು. ಹಾಗಾಗಿ ಎರಡು ದಾಖಲೆಗಳಲ್ಲಿ ಒಂದೇ ಫೋನ್ ನಂಬರ್ ಇದ್ದರೆ ಅವನ್ನು ತಾನಾಗಿ ಕೂಡಿಸುವ ನಿಯಮವೊಂದನ್ನು ತಂಡ ಬರೆಯಿತು.

ಎಲ್ಲದಕ್ಕೂ ಅಡ್ಡ ಪ್ರಶ್ನೆ ಹಾಕುವ ಟೆಸ್ಟರ್‌ಗೆ ಆಫೀಸಿನಲ್ಲಿ 'ಡೌಟು' ಎಂದೇ ಹೆಸರು.

"ಮೇಡಂ, ನಂಬರ್ ಒಂದೇ ಆದ್ರೆ ಆಳೂ ಒಂದೇನಾ? ನಮ್ಮತ್ತೆ ಕನ್ನಡಕ ರೆಡಿ ಆದ್ರೆ ಅಂಗಡಿಯವ್ರು ನಂಗೇ ಫೋನ್ ಮಾಡ್ತಾರೆ."

"ಆಮೇಲೆ ನೋಡೋಣ" ಎಂದು ಅವಳು ಒಪ್ಪಿಗೆಯ ಗುಂಡಿ ಒತ್ತಿದಳು. ಸೋಮವಾರ ಕಂಪನಿಯವರಿಗೆ ತೋರಿಸಬೇಕಿತ್ತು.

ಸಾಫ್ಟ್‌ವೇರ್ ಬಳಕೆಗೆ ಬಂದ ಎರಡು ತಿಂಗಳ ನಂತರ ಆ ಕಂಪನಿಯ ಪ್ರಚಾರ ವಿಭಾಗದವನು ಮುಖ ಅರಳಿಸಿಕೊಂಡು ಬಂದ. ಗ್ರಾಹಕನೊಬ್ಬ ಧನ್ಯವಾದದ ಪತ್ರ ಬರೆದಿದ್ದ. ಒಂಬತ್ತು ವರ್ಷದ ಹಿಂದೆ ಮನೆ ಬಿಟ್ಟುಹೋದ ಅಕ್ಕ ಎಲ್ಲಿದ್ದಾಳೆಂದೇ ಅವನಿಗೆ ಗೊತ್ತಿರಲಿಲ್ಲ. ನಾಳೆ ಹನ್ನೊಂದಕ್ಕೆ ವಾಷಿಂಗ್ ಮಷೀನ್ ನೋಡಲು ಮೆಕ್ಯಾನಿಕ್ ಬರುತ್ತಾನೆ ಎಂದು ಕಂಪನಿಯಿಂದ ಅವನ ಫೋನಿಗೆ ಬಂದ ಸಂದೇಶ, ಕೆಳಗೊಂದು ಅಪರಿಚಿತ ವಿಳಾಸ, ಮೇಲೆ ಅಕ್ಕನ ಹೆಸರು. ಆ ಹೊತ್ತಿಗೆ ಅಲ್ಲಿಗೆ ಹೋದನಂತೆ. ಬಾಗಿಲು ತೆರೆದದ್ದು ಅಕ್ಕ.

"ಅಕ್ಕ ತಮ್ಮನ್ನ ಒಂದ್ ಮಾಡಿದ ಸಾಫ್ಟ್‌ವೇರ್. ಇದನ್ನೇ ಜಾಹೀರಾತು ಮಾಡ್ತೀವಿ" ಎಂದ ಪ್ರಚಾರದವನು. ತಂಡ ಚಪ್ಪಾಳೆ ತಟ್ಟಿತು.

"ಅಕ್ಕ ಏನಂದ್ರಂತೆ?" ಎಂದು ಡೌಟು ಕೇಳಿದ. ಅದನ್ನು ಯಾರೂ ವಿಚಾರಿಸಿರಲಿಲ್ಲ.

ಅವಳು ದಾಖಲೆ ತೆಗೆದು ನೋಡಿದಳು. ಆ ತಮ್ಮ ಹಿಂದೆಂದೋ ಫ್ರಿಜ್ ಕೊಂಡಾಗ ಅಕ್ಕನ ನಂಬರನ್ನು ಎರಡನೆಯ ನಂಬರಾಗಿ ಕೊಟ್ಟಿದ್ದ. ಅಷ್ಟರಿಂದಲೇ ಇಬ್ಬರೂ ಒಬ್ಬರಾಗಿ, ಅಕ್ಕನ ಸಂದೇಶ ತಮ್ಮನಿಗೂ ಹೋಗಿತ್ತು. ಮಧ್ಯಾಹ್ನ ಮೀಟಿಂಗ್ ಕೋಣೆಯ ಬಾಗಿಲು ಹಾಕಿಕೊಂಡು ಆ ಅಕ್ಕನಿಗೆ ಫೋನ್ ಮಾಡಿ, ತಾನು ಯಾರೆಂದು ತಿಳಿಸಿದಳು.

"ನಿಮ್ಮ ತಮ್ಮ ಕಂಪನಿಗೆ ಧನ್ಯವಾದದ ಪತ್ರ ಬರೆದಿದ್ದಾರೆ. ನಿಮ್ಮ ವಿಳಾಸ ಅವರಿಗೆ ಹೋಗಿದ್ದು ನಮ್ಮ ತಪ್ಪಿಂದ. ಒಪ್ಪಿಗೆ ಕೊಟ್ಟಿದ್ದು ನಾನೇ."

ಆ ಕಡೆ ಹರಿಯುತ್ತಿದ್ದ ನಲ್ಲಿ ನಿಂತಿತು.

"ಮೆಕ್ಯಾನಿಕ್ ಅಂತ ಬಾಗಿಲು ತೆಗೆದೆ. ಪಕ್ಕದಲ್ಲಿ ತಮ್ಮನೂ ನಿಂತಿದ್ದ, ಅಳ್ತಾ. ಹೊರಗಿನವರ ಮುಂದೆ ಹೋಗು ಅನ್ನೋಕಾಗ್ಲಿಲ್ಲ, ಒಳಗೆ ಕರೆದೆ. ಈಗ ವಾರಕ್ಕೆರಡು ಸಲ ಬರ್ತಾನೆ."

"ನಿಮಗೆ ತೊಂದರೆ ಕೊಡ್ತಿದ್ದಾರಾ?"

"ಇಲ್ಲಮ್ಮ, ಕೆಟ್ಟವನಲ್ಲ. ಆದ್ರೆ ಅವನ ಮನೇಲಿ ಇಪ್ಪತ್ತು ವರ್ಷ ಬಾಯಿ ಮುಚ್ಕೊಂಡಿದ್ದೆ. ಹುಡುಕಬೇಡ ಅಂತ ಚೀಟಿ ಬರೆದಿಟ್ಟೇ ಬಂದಿದ್ದೆ, ಆಮೇಲೆ ಅವನ ಫೋನೂ ತೆಗೀಲಿಲ್ಲ. ಅದನ್ನ ಪತ್ರದಲ್ಲಿ ಬರೆದಿರಲ್ಲ, ಅಲ್ವಾ?"

"ಬರೆದಿಲ್ಲ."

"ಈಗ ನೀವೇನ್ ಮಾಡ್ತೀರಿ?"

"ದಾಖಲೆ ಬೇರೆ ಮಾಡ್ತೀನಿ. ಆ ಪತ್ರದ ಮೇಲೆ ಕಂಪನಿಯವ್ರು ಮಾಡ್ಬೇಕಂತಿರೋ ಜಾಹೀರಾತು ನಿಲ್ಲಿಸ್ತೀನಿ. ಅವರಿಗೆ ಗೊತ್ತಾಗಿದ್ದನ್ನ ಮಾತ್ರ ಅಳಿಸೋಕಾಗಲ್ಲ."

"ಅಷ್ಟಾದ್ರೂ ಮಾಡಿ" ಎಂದು ಆಕೆ ಫೋನಿಟ್ಟಳು.

ಒಳ್ಳೆಯ ಕಥೆ ಕೆಡಿಸಿದಿರಿ ಎಂದು ಪ್ರಚಾರದವನು ಮುಖ ಊದಿಸಿಕೊಂಡ. ನಿಯಮ ಬರೆದವರು ಯಾರೆಂದು ಅವಳ ಮೇಲಧಿಕಾರಿ ಕೇಳಿದಾಗ, "ಒಪ್ಪಿದವಳು ನಾನು, ನನ್ನ ಹೆಸರೇ ಬರ್ಕೊಳ್ಳಿ" ಎಂದಳು. ಅವಳ ಕೈಗೆ ಬರಬೇಕಿದ್ದ ಮುಂದಿನ ಕೆಲಸ ಪಕ್ಕದ ತಂಡಕ್ಕೆ ಹೋಯಿತು. ಕೂಡಿಹೋದ ದಾಖಲೆಗಳನ್ನೆಲ್ಲ ಆರು ಜನ ಒಂಬತ್ತು ದಿನ ಕೂತು ಫೋನ್ ಮಾಡಿ ಬಿಡಿಸಿದರು. ಹೆಚ್ಚಿನವು ಅತ್ತೆ ಸೊಸೆಯರವು. ಒಬ್ಬ ಅತ್ತೆಯಂತೂ, "ಒಟ್ಟಿಗೇ ಇರ್ಲಿ ಬಿಡಿ, ಅಲ್ಲಾದ್ರೂ ಹೊಂದ್ಕೊಂಡಿರ್ತೀವಿ" ಎಂದಳು.

ಮುಂದಿನ ತಿಂಗಳು ಆ ಅಕ್ಕನ ಕೋರಿಕೆ ಬಂತು. ಮನೆ ಬದಲಾಯಿಸಿದ್ದೇನೆ, ಮಷೀನನ್ನು ಪಕ್ಕದ ಮನೆಯವರಿಗೆ ಕೊಟ್ಟೆ, ನನ್ನ ವಿವರ ಪೂರ್ತಿ ತೆಗೆದುಹಾಕಿ. ಮುಖ್ಯಸ್ಥೆಯೇ ಕೂತು ತೆಗೆದಳು. ಡೌಟು ನಾಲ್ಕು ಬಗೆಯಲ್ಲಿ ಹುಡುಕಿ, "ಎಲ್ಲೂ ಇಲ್ಲ ಮೇಡಂ" ಎಂದ.

ಅಕ್ಕನ ಸುಳಿವು ಮತ್ತೆ ತಪ್ಪಿದ ತಮ್ಮ, ಕಂಪನಿಗೆ ಮೇಲಿಂದ ಮೇಲೆ ಫೋನ್ ಮಾಡತೊಡಗಿದ. ಅಲ್ಲಿಯವರು ಸಾಕಾಗಿ ಒಮ್ಮೆ ಕರೆಯನ್ನು ಮುಖ್ಯಸ್ಥೆಗೇ ದಾಟಿಸಿದರು.

"ವಿಳಾಸ ಬೇಡ. ಅಕ್ಕ ಚೆನ್ನಾಗಿದ್ದಾಳಾ ಅಂತಾದ್ರೂ ಹೇಳಿ."

"ನಮಗೆ ಗೊತ್ತಿಲ್ಲ ಸರ್."

ಹೇಳಿದ್ದು ನಿಜವೇ. ಅವನು ಫೋನಿಡುವವರೆಗೂ ಅವಳು ಕಿವಿಗೆ ಹಿಡಿದುಕೊಂಡೇ ಇದ್ದಳು. ಅವನು ಬೇಗ ಇಡಲಿಲ್ಲ.