ಬೋಣಿಗೆಗೆ ಮುನ್ನ

ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗುವ ಹೆದ್ದಾರಿಯ ಬದಿಯಲ್ಲಿ ಮೋತಿನಾಕಾ ಎಂಬ ಊರು ಬೆಳೆಯುತ್ತಲೇ ಇತ್ತು. ಕಾರ್ಖಾನೆಗಳ ನೌಕರರಿಗಾಗಿ ಬಡಾವಣೆಗಳು ಎದ್ದವು. ಬಡಾವಣೆಗಳಿಗೆ ರಸ್ತೆ, ದೀಪ, ಕೊನೆಗೆ ಒಂದು ಕಾರಂಜಿಯೂ ಬೇಕಾಯಿತು. ಅದಕ್ಕೆಲ್ಲ ಹಣ ಹೊಂದಿಸಲು ಪುರಸಭೆ ಹಳೆಯ ಪೇಟೆಯ ಖರ್ಚಿಗೆ ಕತ್ತರಿ ಹಾಕಿತು. ಕತ್ತರಿ ಮೊದಲು ಬಿದ್ದದ್ದು ತರಕಾರಿ ಪೇಟೆಯ ಹೆಂಗಸರ ಶೌಚಾಲಯದ ಮೇಲೆ.

ಮುಡಬಿಯಿಂದ ಸೊಪ್ಪಿನ ಗಂಟು ಹೊತ್ತು ಬರುವ ಕಮಳಾಬಾಯಿ ಆ ಶೌಚಾಲಯದ ಬಾಗಿಲಿಗೆ ಬೀಗ ಬಿದ್ದ ದಿನದಿಂದ, ಸಂಜೆ ಮನೆ ಸೇರುವವರೆಗೆ ನೀರು ಕುಡಿಯುವುದನ್ನೇ ಬಿಟ್ಟಳು. ಕೆಂಡದಂಥ ಬಿಸಿಲು. ಉರಿಮೂತ್ರ ಹಿಡಿದು ದವಾಖಾನೆ ಸೇರಿದಾಗ, ನೀರಾದರೂ ಕುಡಿ, ಇಲ್ಲವೇ ಪೇಟೆಯನ್ನಾದರೂ ಬಿಡು ಎಂದರು ಡಾಕ್ಟರು. ಪೇಟೆ ಬಿಟ್ಟರೆ ಅವಳ ಮನೆಯಲ್ಲಿ ಒಲೆ ಹೊತ್ತುವಂತಿರಲಿಲ್ಲ.

ಪುರಸಭೆಯ ಕುಂದುಕೊರತೆ ಸಭೆಗೆ ಅವಳು ಮಲಿಕಾಳನ್ನೂ ಕರೆದೊಯ್ದಳು. ಶೌಚಾಲಯವನ್ನು ನೋಡಿಕೊಳ್ಳುತ್ತ, ಒಳಹೋಗುವವರಿಂದ ಹಣ ಪಡೆದು ಚೀಟಿ ಹರಿದುಕೊಡಬೇಕಾಗಿದ್ದವಳು ಮಲಿಕಾ. ಬೀಗ ಬಿದ್ದಾಗ ಅವಳ ಕೆಲಸವೂ ಹೋಗಿತ್ತು.

ಮುಖ್ಯಾಧಿಕಾರಿ ಅಶೋಕಕುಮಾರ ಕನ್ನಡಕ ಸರಿಪಡಿಸಿಕೊಂಡರು. "ಗಂಡಸರ ಕಡಿ ಚೀಟಿ ಹರಿದಾವ, ಆಮದಾನಿ ಅದ. ಹೆಂಗಸರ ಕಡಿ ವರ್ಷಾನುಗಟ್ಟಲೆ ಒಂದ ಚೀಟಿನೂ ಹರಿದಿಲ್ಲ. ಯಾರೂ ಬರದ ಕಟ್ಟಡಕ್ಕ ನೀರು, ಫಿನಾಯಿಲ್, ಪಗಾರ ಯಾಕ ಕೊಡಬೇಕು?"

"ಯಾರೂ ಬರಂಗಿಲ್ಲ ಅಂತ ಯಾರ ಹೇಳ್ಯಾರ್ರಿ?" ಎಂದಳು ಕಮಳಾಬಾಯಿ. "ಸಂತಿ ದಿನ ಪಾಳಿ ಹಚ್ಚಿ ನಿಂದರತಿದ್ದೆವು."

"ಮತ್ತ ಚೀಟಿ?"

ಮಲಿಕಾ ಸೆರಗು ಎಳೆದುಕೊಂಡಳು. "ಬೋಣಿ ಆಗೋಕಿಂತ ಮೊದಲ ರೊಕ್ಕ ಕೈ ಬಿಡಬಾರದು ಅಂತಾರ, ಸಾಹೇಬ್. ಮುಂಜಾನೆ ಯಾರೂ ರೊಕ್ಕ ಕೊಡತಿದ್ದಿಲ್ಲ. ನನ್ನ ಬುಟ್ಯಾಗ ಒಬ್ಬಾಕಿ ಮೆಂತ್ಯ, ಒಬ್ಬಾಕಿ ಮೆಣಸಿನಕಾಯಿ ಹಾಕಿ ಒಳಗ ಹೋಗತಿದ್ದಳು. ಆಮ್ಯಾಗ ದಿನಪೂರ್ತಿ ಅದೇ ರೂಢಿ ಆತು. ಮೆಂತ್ಯಕ್ಕ ನಾ ಹ್ಯಾಂಗ ಚೀಟಿ ಹರೀಲಿ?"

"ಅಂದ್ರ ಪುರಸಭೆ ಆಮದಾನಿ ನಿನ್ನ ಮನಿ ಗಡಿಗ್ಯಾಗ ಕುದೀತು!"

ಸಭೆ ನಕ್ಕಿತು. ಮಲಿಕಾಳ ಮುಖ ಬಾಡಿತು.

"ನಗಬ್ಯಾಡ್ರಿ," ಎಂದಳು ಕಮಳಾಬಾಯಿ. "ಈಗ ತಿಳೀತಲ್ಲ, ಬೀಗ ತೆಗೀರಿ. ಬೋಣಿ ಆಗಲಿ ಬಿಡಲಿ, ನಾಳಿಂದ ರೊಕ್ಕ ಕೊಡತೀವಿ."

"ಹಂಗ ಆಗಂಗಿಲ್ಲವ್ವಾ. ಬಜೆಟ್ ಪಾಸಾಗ್ಯದ. ಮುಂದಿನ ಬಜೆಟಿನ್ಯಾಗ ಹಾಕಬೇಕಂದ್ರ ಈ ವರ್ಷದ ಆಮದಾನಿ ತೋರಿಸಬೇಕು."

"ಬೀಗ ಹಾಕಿದ ಮ್ಯಾಲ ಆಮದಾನಿ ಹ್ಯಾಂಗ ಬರತದ್ರಿ?"

"ಬರಂಗಿಲ್ಲ. ಅದನ್ನ ಹೇಳಾಕತ್ತೇನಿ."

ಅವರ ದನಿಯಲ್ಲಿ ಕ್ರೌರ್ಯವಿರಲಿಲ್ಲ. ಮಗ್ಗಿ ಹೇಳಿಕೊಡುವವರ ಸಹನೆಯಿತ್ತು. ಆ ಸಹನೆಯೇ ಕಮಳಾಬಾಯಿಗೆ ಬೆಂಕಿ ಹಚ್ಚಿತು.

"ಸಾಹೇಬ್ರ, ಈ ಆಫೀಸಿನ್ಯಾಗ ನಿಮಗೂ ಒಂದು ಪಾಯಖಾನಿ ಅದ. ಅದರದು ಎಷ್ಟು ಆಮದಾನಿ ಬಂತ್ರಿ?"

ಯಾರೋ ಎದ್ದು ಫ್ಯಾನಿನ ವೇಗ ಹೆಚ್ಚಿಸಿದರು. ಗುಮಾಸ್ತ ಮುಂದಿನ ಅರ್ಜಿದಾರನ ಹೆಸರು ಕೂಗಿದ.

ಹೊರಗೆ ಬಂದ ಮೇಲೆ ಮಲಿಕಾ ಕಣ್ಣೊರೆಸಿಕೊಂಡಳು. "ಅಕ್ಕಾ, ನನ್ನ ಬುಟ್ಟಿನ ನಿಮ್ಮ ಬಾಗಲಾ ಮುಚ್ಚಿಸ್ತು."

"ಬಾಯಿ ಮುಚ್ಚು. ಅವರಿಗಿ ನಿನ್ನ ಬುಟ್ಟಿ ಕಾಣತದ, ತಮ್ಮ ಕಾರಂಜಿ ಕಾಣಂಗಿಲ್ಲ."

ಪೇಟೆಗೆ ಮರಳಿದಾಗ ಮೆಂತ್ಯವೆಲ್ಲ ಬಾಡಿ ನೆಲಕ್ಕೆ ಅಂಟಿಕೊಂಡಿತ್ತು. ಕಮಳಾಬಾಯಿ ಮನೆಯಿಂದ ತಂದ ನೀರಿನ ಬಾಟಲಿಯ ಮುಚ್ಚಳ ತೆಗೆದಳು. ನಾಲಗೆ ಅಂಗುಳಕ್ಕೆ ಹತ್ತಿಕೊಂಡಿತ್ತು. ಬಾಟಲಿಯನ್ನು ತುಟಿಯವರೆಗೆ ಎತ್ತಿ, ಎದುರಿಗಿದ್ದ ಬೀಗವನ್ನು ನೋಡಿ, ಕೆಳಗಿಳಿಸಿದಳು. ಆಮೇಲೆ ಆ ನೀರನ್ನಷ್ಟೂ ಬೊಗಸೆ ಬೊಗಸೆಯಾಗಿ ಸೊಪ್ಪಿನ ಮೇಲೆ ಚಿಮುಕಿಸಿದಳು.

ಬಡಾವಣೆಯ ಹೆಂಗಸೊಬ್ಬಳು ಬಂದು ಮೆಂತ್ಯದ ಸಿವುಡನ್ನು ಎತ್ತಿ ನೋಡಿದಳು. "ತಾಜಾ ಅದನ?"

"ಹೌದ್ರಿ," ಎಂದಳು ಕಮಳಾಬಾಯಿ, ಒಣಗಿದ ದನಿಯಲ್ಲಿ. "ಈಗಷ್ಟೇ ನೀರು ಕುಡದದ."